ಎಂಬತ್ತನೇ ನಂಬರ್ ಖೋಲಿ

ಒಮ್ಮೆ ಇಡುಗಂಟು ಕೊಟ್ಟು, ಆಮೇಲೆ ತಲೆಮಾರುಗಟ್ಟಲೆ ಪುಡಿಗಾಸಿನ ಬಾಡಿಗೆಗೆ ಇರುವವರನ್ನು ಮುಂಬೈಯಲ್ಲಿ ಪಗಡಿಯವರು ಎನ್ನುತ್ತಾರೆ. ಗಿರಗಾಂವಿನ ನಮ್ಮ ಚಾಳಿನಲ್ಲಿ ಅವರನ್ನು ಎಬ್ಬಿಸುವುದು ಯಮನಿಗೆ ಮಾತ್ರ ಸಾಧ್ಯ. ಅವನೂ ಅಪ್ಪನನ್ನು ಒಯ್ಯಬಹುದು ಅಷ್ಟೆ, ಖೋಲಿಯಲ್ಲಿ ಮಗ ಆಗಲೇ ಕೂತಿರುತ್ತಾನೆ. 1947ರ ಬಾಡಿಗೆ ಕಾಯ್ದೆ ಹೋಗಿ 1999ರದು ಬಂದರೂ ಅವರ ಬೇರು ಅಲುಗಲಿಲ್ಲ.

ನಮ್ಮ ಆಫೀಸಿನ ಸರ್ವರಿನಲ್ಲೂ ಅಂಥ ಒಬ್ಬನಿದ್ದ. ಹೆಸರು ಎಂಜಿನ್‌ಎಕ್ಸ್, ಕೆಲಸ, ಜಾಲತಾಣಕ್ಕೆ ಬಂದವರಿಗೆ ಪುಟ ಬಡಿಸುವುದು. ಒಳಗೆ ಬಿಟ್ಟವನು ನಾನೇ. ಹುಮ್ಮಸ್ಸಿನ ದಿನಗಳಲ್ಲಿ ಮೂಲ ಕೋಡ್ ಇಳಿಸಿ, ‘ಮೇಕ್’, ‘ಮೇಕ್ ಇನ್‌ಸ್ಟಾಲ್’ ಎಂದು ಮಂತ್ರ ಹಾಕಿದ್ದೆ. ಅವನು ಹೋಗಿ ಕೂತದ್ದು ‘ಯೂಸರ್ ಲೋಕಲ್’ ಎಂಬ ಡೈರೆಕ್ಟರಿಯಲ್ಲಿ. ಈ ಊರಲ್ಲಿ ಲೋಕಲ್ ರೈಲಿನಲ್ಲಿ ಸಿಕ್ಕ ಸೀಟನ್ನು ಯಾರಾದರೂ ಬಿಟ್ಟುಕೊಟ್ಟದ್ದುಂಟೇ?

ಭದ್ರತೆಯ ತೇಪೆ ಬಂದಾಗಲೆಲ್ಲ ಮತ್ತೆ ರುಬ್ಬುವ ಕೆಲಸ ನನ್ನದೇ. ಸಾಕಾಗಿ, ಸರ್ವರಿನ ಡೆಬಿಯನ್ ವ್ಯವಸ್ಥೆಯವರೇ ಕೊಡುವ ಎಂಜಿನ್‌ಎಕ್ಸ್‌ನ ಸಿದ್ಧ ಪ್ಯಾಕೇಜ್ ತರಿಸಿದೆ. ಹೊಸಬ ಹನ್ನೊಂದು ತಿಂಗಳ ಕರಾರು ರಿಜಿಸ್ಟರ್ ಮಾಡಿಸಿಕೊಂಡವನ ಹಾಗೆ ಠಾಕುಠೀಕಾಗಿ ಬಂದು ಜಾಲತಾಣದ ಮಾಮೂಲು ಬಾಗಿಲಾದ 80ನೇ ಪೋರ್ಟನ್ನು ತಟ್ಟಿದ. ಒಳಗೆ ಮುದುಕ. ‘ಮೀ ಜಾಣಾರ್ ನಾಹೀ!’ ಎಂದರೆ, ನಾನು ಹೋಗೋದಿಲ್ಲ!

ಪ್ಯಾಕೇಜ್ ದಫ್ತರ ತೆರೆದು ನೋಡಿದರೆ ಮುದುಕನ ಹೆಸರೇ ಇಲ್ಲ. ‘ಮೇಕ್ ಅನ್‌ಇನ್‌ಸ್ಟಾಲ್’ ಎಂದೆ. ಅಂಥ ವಿಧಿಯನ್ನು ಎಂಜಿನ್‌ಎಕ್ಸ್ ಮಾಡಿದವರು ಬರೆದೇ ಇಲ್ಲ. ಪಗಡಿ ಪತ್ರ ಬರೆದ ವಕೀಲರೇ ಅವರಿಗೂ ಸಿಕ್ಕಿರಬೇಕು. ಸಾಲದ್ದಕ್ಕೆ, ಹೆಸರು ಹಿಡಿದು ಕರೆದರೆ ಓಗೊಡುತ್ತಿದ್ದವನೂ ಮುದುಕನೇ. ಹುಡುಕುವ ಪಾತ್‌ನಲ್ಲಿ ಲೋಕಲ್ ಮೊದಲು, ಮೆಟ್ಟಿಲ ಪಕ್ಕದ ಖೋಲಿಯ ಹಾಗೆ.

ಬುದ್ಧಿ ಕಲಿಸಿದ್ದು ರೈಲ್ವೆ. 1,500 ವೋಲ್ಟ್ ಡಿಸಿಯಲ್ಲಿ ಓಡುತ್ತಿದ್ದ ಲೋಕಲನ್ನು 25,000 ವೋಲ್ಟ್ ಎಸಿಗೆ ಒಗ್ಗಿಸುವಾಗ, ಎರಡೂ ವಿದ್ಯುತ್ತಿನಲ್ಲಿ ಓಡುವ ಗಾಡಿಗಳನ್ನು ತಂದು, ತಂತಿಯನ್ನು ತುಂಡು ತುಂಡಾಗಿ ಎಸಿಗೆ ಬದಲಿಸಿದರು. ಕೊನೆಯ ಡಿಸಿ ಲೋಕಲ್ ಹಾರ್ಬರ್ ಲೈನಿನಲ್ಲಿ ಓಡಿದ್ದು 2016ರಲ್ಲಿ.

ನಾನೂ ಭಾನುವಾರ ರಾತ್ರಿ, ಕೊನೆಯ ಲೋಕಲ್ ಹೋದ ಮೇಲೆ, ದುರಸ್ತಿಗಾಗಿ ಗಾಡಿ ನಿಲ್ಲಿಸುವ ರೈಲ್ವೆಯವರ ಹಾಗೆ ನನ್ನದೇ ಒಂದು ಮೆಗಾ ಬ್ಲಾಕ್ ಘೋಷಿಸಿದೆ. ಮುದುಕನ ಗಂಟುಮೂಟೆಯ, ಎಂದರೆ ಕಾನ್ಫಿಗ್ ಕಡತ, ಸರ್ಟಿಫಿಕೇಟುಗಳ ನಕಲು ತೆಗೆದೆ. ಅವನನ್ನು ಕಟ್ಟುವಾಗ ಯಾವ ಯಾವ ಮಾಡ್ಯೂಲ್ ಸೇರಿಸಿದ್ದೆನೆಂದು ಅವನ ಬಾಯಿಂದಲೇ ಹೇಳಿಸಿದೆ. ಹೊಸಬನನ್ನು 8080ನೇ ಬಾಗಿಲಲ್ಲಿ ನಿಲ್ಲಿಸಿ, ಎಲ್ಲ ಪುಟವೂ ಬಡಿಸುತ್ತಾನೆಂದು ಖಾತ್ರಿಯಾದ ಮೇಲೆ ಮುದುಕನನ್ನು ನಿಲ್ಲಿಸಿ ಇವನನ್ನು 80ಕ್ಕೆ ಕೂರಿಸಿದೆ. ಮನೆಗೆ ಹೋಗಿ ವಿಜಯಿಯಂತೆ ಮಲಗಿದೆ.

ಮುಂದಿನ ವಾರ ಸರ್ವರ್ ರೀಬೂಟ್ ಆಯಿತು. 80ರಲ್ಲಿ ಯಾರು? ಮುದುಕ! ಸರ್ವರ್ ಎದ್ದಾಗಲೆಲ್ಲ ಅವನನ್ನೂ ಎಬ್ಬಿಸು ಎಂದು ಆರ್‌ಸಿ ಲೋಕಲ್ ಕಡತದಲ್ಲಿ ಹಿಂದೊಮ್ಮೆ ನಾನೇ ಬರೆದಿಟ್ಟಿದ್ದೆ. ಅಲ್ಲೂ ಲೋಕಲ್, ನೋಡಿ. ಆ ಸಾಲು ಅಳಿಸಿದೆ. ಮುದುಕನ ಡೈರೆಕ್ಟರಿಯನ್ನು ಮಾತ್ರ ಅಳಿಸದೆ, ಹೆಸರು ಬದಲಿಸಿ ಮೂಲೆಯಲ್ಲಿಟ್ಟಿದ್ದೇನೆ.

ಎಬ್ಬಿಸುವ ಈ ಕ್ರಮವನ್ನು ದಯವಿಟ್ಟು ನಮ್ಮ ಚಾಳಿನ ಮಾಲೀಕ ಸೇಠ್‌ಗೆ ಹೇಳಬೇಡಿ. ನನ್ನದೂ ಪಗಡಿ ಖೋಲಿಯೇ.