ಗೃಹವಿದ್ಯುತ್ ಪರೀಕ್ಷಾ ಮೀಮಾಂಸೆ

ಮನೆಯ ವೈರಿಂಗ್, ಸ್ವಿಚ್‌ಬೋರ್ಡ್, ಅರ್ಥಿಂಗ್‌ಗಳಿಂದ ಮನೆಯವರ ಪ್ರಾಣಕ್ಕೂ ಮನೆಯ ಗೋಡೆಗೂ ಹಾನಿಯಿಲ್ಲವೆಂದು ನಿಶ್ಚಯಿಸಿಕೊಳ್ಳುವ ವಿದ್ಯೆಗೆ ಗೃಹವಿದ್ಯುತ್ ಪರೀಕ್ಷೆ ಎಂದು ಹೆಸರು. ಇದರಲ್ಲಿ ಎರಡು ಮತಗಳಿವೆ. ಯಂತ್ರವಾದಿಗಳು ಐಎಸ್ 732 ಎಂಬ ಭಾರತೀಯ ಮಾನಕವನ್ನು ಆಧಾರವಾಗಿಟ್ಟುಕೊಂಡು, 500 ವೋಲ್ಟ್ ಮೆಗ್ಗರ್ ತಂದು ವೈರಿನ ಇನ್ಸುಲೇಷನ್ ಅಳೆಯುತ್ತಾರೆ. ಇವರು ಅಲ್ಪಸಂಖ್ಯಾತರು. ಗೃಹಸ್ಥವಾದಿಗಳು ಅಸಂಖ್ಯರು. ಶಿವನಸಮುದ್ರದ ವಿದ್ಯುತ್ತಿನಿಂದ ಬೆಂಗಳೂರಿನಲ್ಲಿ ಬೀದಿದೀಪ ಹೊತ್ತಿದ್ದು 1905ರಲ್ಲಿ; ದೀಪ ಬೀದಿ ದಾಟಿ ಮನೆಯೊಳಗೆ ಬಂದಷ್ಟೂ ಈ ಮತ ಬಲಿಯಿತು. ಇದರ ಮೂಲಸೂತ್ರ ಒಂದೇ: ‘ಉರಿಯುತ್ತಿದೆ, ಆದ್ದರಿಂದ ಸರಿಯಿದೆ.’ ಸೂತ್ರದ ಸಮರ್ಥನೆಗೆ ಭಾಟ್ಟ ಮೀಮಾಂಸಕರು ಒಪ್ಪಿದ ಆರು ಪ್ರಮಾಣಗಳನ್ನೂ ಬಳಸಲಾಗುತ್ತದೆ.

ಮೊದಲನೆಯದು ಪ್ರತ್ಯಕ್ಷ. ವಾಷಿಂಗ್ ಮೆಷಿನ್ನಿನ ಮೈ ಮುಟ್ಟಿದರೆ ಕೈ ಜುಮ್ಮೆನ್ನುವುದು ಇದರ ಲಕ್ಷಣ. ಯಂತ್ರವಾದಿಗಳು ಇದನ್ನು ಲೀಕೇಜ್ ಎಂದು ಕರೆದು ಗಾಬರಿಯಾಗುತ್ತಾರೆ. ಗೃಹಸ್ಥರು ರಬ್ಬರ್ ಚಪ್ಪಲಿ ವಿಧಿಸಿ, ಬಂದ ನೆಂಟರಿಗೆ ಮುಂಚೆಯೇ ತಿಳಿಸಿಬಿಡುತ್ತಾರೆ. ಪ್ರತ್ಯಕ್ಷದ ಉಪಕರಣ ಟೆಸ್ಟರ್. ಹಿಡಿದವನ ಮೈಯ ಮೂಲಕವೇ 1 ಮಿಲಿಆಂಪಿಯರ್‌ಗಿಂತ ಕಡಿಮೆ ಕರೆಂಟ್ ಹರಿದು ಅದರ ನಿಯಾನ್ ಬಲ್ಬು ಹೊತ್ತುತ್ತದೆ. ಹೊತ್ತಿದರೆ ಕರೆಂಟ್ ಇದೆ. ಹೊತ್ತದಿದ್ದರೆ ಟೆಸ್ಟರ್ ಕೆಟ್ಟಿದೆ.

ಎರಡನೆಯದು ಅನುಮಾನ. ಬೆಟ್ಟದ ಮೇಲಿನ ಹೊಗೆಯಿಂದ ಬೆಂಕಿಯನ್ನು ಊಹಿಸುವುದು ತಾರ್ಕಿಕರ ಉದಾಹರಣೆ. ಇಲ್ಲಿ ಬೆಟ್ಟದ ಜಾಗದಲ್ಲಿ ಗೀಸರ್ ಬೋರ್ಡ್ ಇರುತ್ತದೆ. 2000 ವಾಟ್ ಗೀಸರ್ 230 ವೋಲ್ಟ್‌ನಲ್ಲಿ ಸುಮಾರು 8.7 ಆಂಪಿಯರ್ ಎಳೆಯುತ್ತದೆ. ಅದನ್ನು ಕನ್ವರ್ಶನ್ ಪ್ಲಗ್ ಹಾಕಿ 6 ಆಂಪಿಯರ್ ಸಾಕೆಟ್ಟಿಗೆ ಸಿಕ್ಕಿಸಿದರೆ, ಅಥವಾ ಒಳಗಿನ ಸ್ಕ್ರೂ ಸಡಿಲವಾಗಿದ್ದರೆ, ತೂತಿನ ಸುತ್ತ ಬಿಳಿ ಪ್ಲಾಸ್ಟಿಕ್ ಮೊದಲು ಹಳದಿಯಾಗಿ, ಆಮೇಲೆ ಕಂದಾಗಿ, ಕೊನೆಗೆ ಉಬ್ಬುತ್ತದೆ. ಹೊಗೆ ಕಾಣುವ ತನಕ ಅನುಮಾನಕ್ಕೆ ಬೇಕಾದ ಹೇತು ಸಿದ್ಧವಾಗುವುದಿಲ್ಲವಾದ್ದರಿಂದ ಗೃಹಸ್ಥರು ಕಾಯುತ್ತಾರೆ.

ಮೂರನೆಯದು ಉಪಮಾನ: ‘ಪಕ್ಕದ ಮನೆಯಲ್ಲೂ ಹೀಗೇ ಇದೆ.’ ಪಕ್ಕದ ಮನೆಯವರ ಪ್ರಮಾಣ ಈ ಮನೆಯೇ.

ನಾಲ್ಕನೆಯದು ಶಬ್ದ, ಅಂದರೆ ಆಪ್ತವಾಕ್ಯ. ‘ಏನಾಗಲ್ಲ ಸಾರ್, ನಾನಿದ್ದೀನಲ್ಲ’ ಎಂಬುದು ಎಲೆಕ್ಟ್ರಿಷಿಯನ್ನರ ಪ್ರಸಿದ್ಧ ವಾಕ್ಯ. ಪದೇಪದೇ ಟ್ರಿಪ್ ಆಗುವ 10 ಆಂಪಿಯರ್ ಎಂಸಿಬಿಯನ್ನು ತೆಗೆದು 32 ಆಂಪಿಯರ್‌ನದನ್ನು ಕೂರಿಸುವುದು ಇದರ ಫಲ. ಟ್ರಿಪ್ ನಿಲ್ಲುತ್ತದೆ, ಮನೆಯಲ್ಲಿ ಶಾಂತಿ ನೆಲೆಸುತ್ತದೆ. ಗೋಡೆಯೊಳಗಿನ 1.5 ಚದರ ಮಿಲಿಮೀಟರ್ ವೈರು ಮಾತ್ರ ಬದಲಾಗಿರುವುದಿಲ್ಲ. ಓವರ್‌ಲೋಡ್ ಆದಾಗ ಫ್ಯೂಸಿನಂತೆ ಸುಡುವ ಹೊಣೆ ಅಂದಿನಿಂದ ಅದರದು.

ಐದನೆಯದು ಅರ್ಥಾಪತ್ತಿ. ದಪ್ಪಗಿರುವ ದೇವದತ್ತ ಹಗಲು ಉಣ್ಣುವುದಿಲ್ಲವಾದರೆ ರಾತ್ರಿ ಉಣ್ಣುತ್ತಿರಲೇಬೇಕು. ಅದೇ ರೀತಿ ಗುತ್ತಿಗೆದಾರರ ಕಂಪ್ಲೀಷನ್ ರಿಪೋರ್ಟ್ ಫೈಲಿನಲ್ಲಿದೆ, ಪರೀಕ್ಷೆ ನಡೆದದ್ದನ್ನು ಯಾರೂ ಕಂಡಿಲ್ಲ. ಆದ್ದರಿಂದ ಮನೆಯವರು ಊರಿನಲ್ಲಿ ಇಲ್ಲದಾಗ ಅದು ನಡೆದಿರಲೇಬೇಕು.

ಆರನೆಯದೂ ಗಹನವೂ ಆದದ್ದು ಅನುಪಲಬ್ಧಿ, ಇಲ್ಲದ್ದನ್ನು ಇಲ್ಲವೆಂದು ತಿಳಿಯುವ ಪ್ರಮಾಣ. ಅರ್ಥಿಂಗ್ ಇದರ ವಿಷಯ. ತ್ರೀಪಿನ್ ಪ್ಲಗ್ಗಿನ ಮೇಲಿನ ಪಿನ್ನು ಉಳಿದೆರಡಕ್ಕಿಂತ ಉದ್ದ, ದಪ್ಪ. ಅರ್ಥ್ ಸಂಪರ್ಕ ಮೊದಲು ಕೂಡಿ ಕೊನೆಗೆ ಬಿಡಲಿ ಎಂಬುದು ಉದ್ದೇಶ. ಗೃಹಸ್ಥರಲ್ಲಿ ಆ ಪಿನ್ನು ಹೋಗುವ ತೂತಿಗೆ ಬೇರೆಯೇ ವಿನಿಯೋಗವಿದೆ: ಪೆನ್ನಿನ ತುದಿಯನ್ನು ಅಲ್ಲಿ ಒತ್ತಿ ಹಿಡಿದರೆ ಕೆಳಗಿನ ಎರಡು ತೂತುಗಳ ಮುಚ್ಚಳ ಸರಿದು, ಮೊಬೈಲ್ ಚಾರ್ಜರಿನ ಟೂಪಿನ್ ಒಳಹೋಗುತ್ತದೆ. ತೂತಿನ ಹಿಂದೆ ಹಸಿರು ವೈರ್ ಇದೆಯೇ, ಇದ್ದರೆ ಅದು ಇದ್ದಿಲು ಉಪ್ಪು ತುಂಬಿದ ಗುಂಡಿಯನ್ನು ಮುಟ್ಟುತ್ತದೆಯೇ ಎಂದು ಕೇಳುವ ಹೊತ್ತಿಗೆ ಗುಂಡಿಯ ಮೇಲೆ ಪಾರ್ಕಿಂಗ್ ಟೈಲ್ಸ್ ಬಂದಿರುತ್ತದೆ.

ಇನ್ನು ಮೂಲಸೂತ್ರದ ಖಂಡನೆ. ಬಲ್ಬು ಉರಿಯಲು ಫೇಸ್, ನ್ಯೂಟ್ರಲ್ ಸಾಕು. ಅರ್ಥಿಂಗ್ ಕಿತ್ತುಹೋಗಿದ್ದರೂ, ಆರ್‌ಸಿಸಿಬಿ ಜಡವಾಗಿದ್ದರೂ ಅದು ಅಷ್ಟೇ ಪ್ರಕಾಶಮಾನ. ಹೀಗಾಗಿ ಉರಿಯುವ ಬಲ್ಬು ಕಾಪಾಡುವ ಸಾಧನಗಳ ಬಗ್ಗೆ ಸಾಕ್ಷಿ ನುಡಿಯಲಾರದು. ಆರ್‌ಸಿಸಿಬಿಯ ಕೆಲಸ ಹೋದ ಕರೆಂಟಿಗೂ ಮರಳಿದ ಕರೆಂಟಿಗೂ ತಾಳೆ ನೋಡುವುದು. 30 ಮಿಲಿಆಂಪಿಯರ್ ಸೋರಿದರೆ 0.3 ಸೆಕೆಂಡಿನೊಳಗೆ ಅದು ಮನೆಯನ್ನು ಕತ್ತಲು ಮಾಡಬೇಕು. ಅದರ ಮೇಲಿನ ‘ಟಿ’ ಗುಂಡಿ ಒತ್ತಿದಾಗ ಕತ್ತಲಾದರೆ ಕ್ಷೇಮ, ದೀಪ ಉರಿಯುತ್ತಲೇ ಇದ್ದರೆ ಅಪಾಯ. ಧಾರಾವಾಹಿ ನಡುವೆ ನಿಲ್ಲುತ್ತದೆಂಬ ಕಾರಣಕ್ಕೆ ಗೃಹಸ್ಥಶಾಸ್ತ್ರ ಈ ಕ್ರಿಯೆಯನ್ನು ನಿಷೇಧಿಸಿದೆ. ಆಯುಧಪೂಜೆಯ ದಿನ ಅದೇ ಬೋರ್ಡಿಗೆ ವಿಭೂತಿ, ಕುಂಕುಮ, ಹೂವು ಸಲ್ಲುತ್ತವೆ. ಬೆರಳು ಗುಂಡಿಯ ಪಕ್ಕದವರೆಗೂ ಹೋಗಿ ಬೊಟ್ಟಿಟ್ಟು ಹಿಂದಿರುಗುತ್ತದೆ.

ಅಧಿಕಾರ ನಿರ್ಣಯ: ಗುಂಡಿ ಒತ್ತಲು ಮನೆಯ ಯಾರೇ ಆದರೂ ಅರ್ಹರು. ಆದರೆ ಆ ಗುಂಡಿ ಆರ್‌ಸಿಸಿಬಿಯನ್ನು ಮಾತ್ರ ಪರೀಕ್ಷಿಸುತ್ತದೆ, ಅರ್ಥಿಂಗ್ ಬಗ್ಗೆ ಏನನ್ನೂ ಹೇಳುವುದಿಲ್ಲ. ಅರ್ಥಿಂಗ್ ಮತ್ತು ಇನ್ಸುಲೇಷನ್ ಅಳೆಯಲು ಪರ್ಮಿಟ್ ಇರುವ ವೈರ್‌ಮನ್ ಮೀಟರಿನೊಂದಿಗೆ ಬರಬೇಕು. ಬರಿಗೈಯಲ್ಲಿ ಬಂದು, ಬೋರ್ಡನ್ನೊಮ್ಮೆ ತಟ್ಟಿ, ಎಲ್ಲ ಸರಿಯಿದೆ ಎಂದವರ ಮಾತು ನಾಲ್ಕನೆಯ ಪ್ರಮಾಣದಲ್ಲಿ ಅಡಕವಾಗುತ್ತದೆ.