ಮೆನುವಿನ ಮೊದಲ ಸಾಲಿನಲ್ಲೇ ಆಸನ ಬಯಸುವ ಮಹನೀಯರಿಗೆ

ಕಾಲೇಜು ಆಡಳಿತ ಮಂಡಳಿಯ ಮಾನ್ಯ ಸದಸ್ಯರೇ,

ತಮ್ಮ ವೆಬ್‌ಸೈಟಿಗೆ ಥೀಮ್ ಬರೆಯುವ ಕೆಲಸವನ್ನು ನನಗೆ ಒಪ್ಪಿಸಿ, ಮೆನು ಹೇಗಿರಬೇಕೆಂಬುದನ್ನು ಮಾತ್ರ ತಾವೇ ಸಭೆ ಸೇರಿ ತೀರ್ಮಾನಿಸಿದ್ದಕ್ಕೆ ಕೃತಜ್ಞ. ನಡಾವಳಿ ಕೈಸೇರಿದೆ. ಅಧ್ಯಕ್ಷರ ಸಂದೇಶ, ಕಾರ್ಯದರ್ಶಿಗಳ ಸಂದೇಶ, ಖಜಾಂಚಿಗಳ ಸಂದೇಶ, ಸಂಸ್ಥಾಪಕರ ಜೀವನಚರಿತ್ರೆ, ಸನ್ಮಾನದ ಫೋಟೋಗಳು ಎಲ್ಲವೂ ಮೊದಲ ಸಾಲಿನಲ್ಲಿ ಇರತಕ್ಕದ್ದು. ಪರೀಕ್ಷಾ ಅರ್ಜಿಗೆ ‘ನಮ್ಮ ಬಗ್ಗೆ’ಯೊಳಗಿನ ‘ಆಡಳಿತ’ದೊಳಗಿನ ‘ಕಚೇರಿ’ಯೊಳಗಿನ ‘ಶಾಖೆಗಳು’ ಎಂಬಲ್ಲಿ ಜಾಗ. ಅರ್ಜಿ ಇರುವುದು ಗುಮಾಸ್ತರ ಮೇಜಿನ ಮೇಲೆ, ಅವರನ್ನು ದಾಟಿ ಅದು ಮೇಲೇರುವುದು ಸೇವಾ ನಿಯಮಕ್ಕೆ ವಿರುದ್ಧ. ಒಪ್ಪಿದೆ.

ತಮ್ಮ ಸೈಟನ್ನು ನಡೆಸುವ ವರ್ಡ್‌ಪ್ರೆಸ್ ತಂತ್ರಾಂಶ ಕೂಡ ತಮ್ಮ ಪಕ್ಷವೇ. ಅಲ್ಲಿ ಒಂದು ಪುಟವನ್ನು ಇನ್ನೊಂದರ ಮಗುವೆಂದು ಗುರುತಿಸಬಹುದು, ಮಗುವಿಗೆ ಮತ್ತೆ ಮಕ್ಕಳು, ಹೀಗೆ ತಲೆಮಾರುಗಟ್ಟಲೆ. 2010ರಲ್ಲಿ ಬಂದ 3.0 ಆವೃತ್ತಿ ಮಾತ್ರ ಸ್ವಲ್ಪ ಅಶಿಸ್ತು ತೋರಿತು. ಪುಟಗಳ ವಂಶಾವಳಿ ಏನೇ ಇರಲಿ, ಮೆನುವನ್ನು ಬೇರೆಯಾಗಿಯೇ ಜೋಡಿಸಿಕೊಳ್ಳಿ, ಬೇಕಿದ್ದರೆ ಒಂದೇ ಪುಟವನ್ನು ಎರಡು ಕಡೆ ಇಡಿ ಎಂದಿತು. ಹುಡುಗರಿಗೆ ಬೇಕಾದ ಅರ್ಜಿಯನ್ನು ಮೇಲೆ ತರಲು ಅಷ್ಟು ಸಾಕಿತ್ತು. ತಾವು ಆ ಪ್ರಲೋಭನೆಗೆ ಬಲಿಯಾಗಲಿಲ್ಲ.

ಎಷ್ಟು ಪದರ ತೋರಿಸಬೇಕೆಂದು ಥೀಮ್‌ನಲ್ಲಿ ಒಂದು ಸಂಖ್ಯೆ ಬರೆಯುವುದಿದೆ. 1 ಎಂದರೆ ಮೇಲಿನ ಸಾಲು ಮಾತ್ರ, 2 ಎಂದರೆ ಅದರಡಿ ಇನ್ನೊಂದು. 0 ಎಂದರೆ ಇರುವಷ್ಟೂ! ಏನೂ ಬರೆಯದೆ ಬಿಟ್ಟರೂ 0 ಎಂದೇ ಲೆಕ್ಕ. ಅಂದರೆ, ಯಾರೂ ಯೋಚಿಸದಿದ್ದರೆ ಆಳಕ್ಕೆ ಮಿತಿಯಿಲ್ಲ.

ಇನ್ನು ಹಿರಿತನದ ಪ್ರಶ್ನೆ. ಮೆನು ಜೋಡಿಸದೇ ಬಿಟ್ಟ ಕಡೆ ವರ್ಡ್‌ಪ್ರೆಸ್ ಪುಟಗಳನ್ನೇ ಸಾಲಾಗಿ ನಿಲ್ಲಿಸುತ್ತದೆ. ಮೊದಲು ಪ್ರತಿ ಪುಟಕ್ಕೆ ಕೊಟ್ಟ ಕ್ರಮಸಂಖ್ಯೆ ನೋಡುತ್ತದೆ, ಎಲ್ಲವೂ 0 ಆಗಿದ್ದರೆ ಶೀರ್ಷಿಕೆಯ ಅಕ್ಷರಕ್ರಮ. ಕರಡು ಸೈಟಿನಲ್ಲಿ ಹಾಗೇ ಬಿಟ್ಟಿದ್ದೆ. ವರ್ಣಮಾಲೆಯೇ ಅಧ್ಯಕ್ಷರನ್ನು ಮುಂದೆ ಕೂರಿಸಿತ್ತು, ‘ವಿದ್ಯಾರ್ಥಿಗಳಿಗೆ’ ಮತ್ತು ‘ಹಾಸ್ಟೆಲ್’ ಬಾಗಿಲ ಬಳಿ ನಿಂತಿದ್ದವು. ಅಷ್ಟರಲ್ಲಿ ತಮ್ಮಲ್ಲೊಬ್ಬರು ಬರೀ ಅಧ್ಯಕ್ಷರೆಂದರೆ ಅಗೌರವವೆಂದು ಶೀರ್ಷಿಕೆಯನ್ನು ‘ಮಾನ್ಯ ಅಧ್ಯಕ್ಷರ ಸಂದೇಶ ಮತ್ತು ಆಶೀರ್ವಚನ’ ಎಂದು ತಿದ್ದಿಸಿದರು. ಅಕಾರದಿಂದ ಮಕಾರಕ್ಕೆ ಇಳಿದ ಅಧ್ಯಕ್ಷರು ಖಜಾಂಚಿಗಳಿಗಿಂತ ಹಿಂದಾದರು. ಆ ಸಂಜೆ ಬಂದ ಫೋನ್ ಕರೆಗಳ ವಿವರ ಬೇಡ.

ಆ ಶೀರ್ಷಿಕೆಯಿಂದ ಆದ ಇನ್ನೊಂದು ಅನಾಹುತ ತಮ್ಮ ಕಣ್ಣಿಗೆ ಬಿದ್ದಿಲ್ಲ. ಪುಟದ ವಿಳಾಸದಲ್ಲಿ ಶೀರ್ಷಿಕೆಗೆ ಮೀಸಲಾದ ಜಾಗ 200 ಅಕ್ಷರ. ಇಂಗ್ಲಿಷಿಗೆ ಅದು ಧಾರಾಳ. ಕನ್ನಡದಲ್ಲಿ ಪ್ರತಿ ವರ್ಣ, ಪ್ರತಿ ಸ್ವರಚಿಹ್ನೆ, ಪ್ರತಿ ಹಲಂತ ಚಿಹ್ನೆ ಬಿಡಿಬಿಡಿಯಾಗಿ ಶೇಕಡಾ ಗುರುತಿನ ಸಂಕೇತವಾಗಿ ಬದಲಾಗುತ್ತದೆ, ಒಂದೊಂದೂ 9 ಮನೆ ತಿನ್ನುತ್ತದೆ. ಅಂಥ 22 ತುಂಬುವ ಹೊತ್ತಿಗೆ ಜಾಗ ಮುಗಿಯುತ್ತದೆ. ಹಾಗಾಗಿ ಆ ಶೀರ್ಷಿಕೆಯಿಂದ ಮಾಡಿದ ವಿಳಾಸ ‘ಮಾನ್ಯ-ಅಧ್ಯಕ್ಷರ-ಸಂದೇಶ-ಮತ್’ ಎಂಬಲ್ಲಿಗೆ ಮುಗಿಯುತ್ತದೆ. ಆಶೀರ್ವಚನ ವಿಳಾಸದಿಂದಲೇ ಹೊರಗೆ. ವಿಳಾಸವನ್ನು ಕೈಯಾರೆ ಚಿಕ್ಕದಾಗಿ ಬರೆದುಕೊಡುವ ಸೌಲಭ್ಯವಿದೆ, ಆದರೆ ಬಿರುದು ಕತ್ತರಿಸುವ ಅಧಿಕಾರ ನನಗಿಲ್ಲ.

ಕತ್ತರಿಸುವ ಮಾತು ಬಂತೆಂದು ಹೇಳುತ್ತೇನೆ: ಇಂಗ್ಲಿಷ್ ಅಕ್ಷರಗಳ ಅಳತೆಗೆ ಮಾಡಿದ ಥೀಮ್‌ಗಳಲ್ಲಿ ಮೆನು ಪಟ್ಟಿಯ ಎತ್ತರ ಬಿಗಿಯಾಗಿದ್ದರೆ ನಮ್ಮ ಒತ್ತಕ್ಷರಗಳ ಕಾಲು ಹೋಗುತ್ತದೆ. ಅದನ್ನು ಸರಿಪಡಿಸಿದ್ದೇನೆ, ಸಭೆ ಕರೆಯಬೇಡಿ.

ತಾವು ಅಪೇಕ್ಷಿಸಿದ, ಮೌಸ್ ತಾಗಿದರೆ ಇಳಿಬೀಳುವ ಉಪಮೆನುವಿಗೂ ಘನ ಪರಂಪರೆಯಿದೆ. 2003ರಲ್ಲಿ ‘ಎ ಲಿಸ್ಟ್ ಅಪಾರ್ಟ್’ ಪತ್ರಿಕೆಯಲ್ಲಿ ಪ್ಯಾಟ್ರಿಕ್ ಗ್ರಿಫಿತ್ಸ್ ಮತ್ತು ಡಾನ್ ವೆಬ್ ‘ಸಕರ್‌ಫಿಶ್’ ಎಂಬ ಹೆಸರಿನಲ್ಲಿ, ಪಟ್ಟಿಯೊಳಗೊಂದು ಪಟ್ಟಿ ಇಟ್ಟು ಬಹುಪಾಲು ಪುಟದ ರೂಪ ನಿರ್ಧರಿಸುವ ಸಿಎಸ್‌ಎಸ್‌ನಿಂದಲೇ ಇದನ್ನು ಮಾಡಿ ತೋರಿಸಿದರು. ಆದರೆ ಅದು ಮೌಸಿನ ಕಾಲ. ಬೆರಳಿಗೆ ಪರದೆಯ ಮೇಲೆ ತೇಲುವ ವಿದ್ಯೆ ಗೊತ್ತಿಲ್ಲ, ಮುಟ್ಟಿದರೆ ಮುಟ್ಟಿದ್ದೇ. ಕೊನೆಯ ದಿನಾಂಕದಂದು ಬಸ್‌ಸ್ಟ್ಯಾಂಡಿನಲ್ಲಿ ನಿಂತು ಅರ್ಜಿ ಹುಡುಕುವ ಹುಡುಗಿ ‘ನಮ್ಮ ಬಗ್ಗೆ’ ಮುಟ್ಟಿದರೆ ಉಪಮೆನು ತೆರೆಯುವ ಬದಲು ಸಂಸ್ಥೆಯ ಇತಿಹಾಸ ತೆರೆದುಕೊಳ್ಳಬಹುದು. ಓದಲಿ, ಒಳ್ಳೆಯದೇ. ಉಪಮೆನು ತೆರೆಯಲೆಂದೇ ಪಕ್ಕದಲ್ಲಿ ಬೇರೆ ಗುಂಡಿ ಇಟ್ಟರೆ ಬೆರಳಿಗೂ ಕೀಬೋರ್ಡಿಗೂ ಸಿಗುತ್ತದೆ. ಆದರೆ ಐದು ಪದರಕ್ಕೆ ನಾಲ್ಕು ಗುಂಡಿ ಒತ್ತಿಸಿದ ಮೇಲೆ ಅವಳು ಕಾಲೇಜಿಗೆ ಫೋನ್ ಮಾಡುತ್ತಾಳೆ. ಎತ್ತುವವರು ಅದೇ ಗುಮಾಸ್ತರು.

ನನ್ನ ಪ್ರಾರ್ಥನೆ ಇಷ್ಟೇ. ಒಂದು ಥೀಮ್‌ನಲ್ಲಿ ಒಂದಕ್ಕಿಂತ ಹೆಚ್ಚು ಮೆನುಗಳಿಗೆ ಜಾಗ ಕಲ್ಪಿಸಬಹುದು. ಮೇಲಿನ ಮೆನುವಿನಲ್ಲಿ ಪ್ರವೇಶ, ಪರೀಕ್ಷೆ, ಶುಲ್ಕ, ಹಾಸ್ಟೆಲ್, ಸಂಪರ್ಕ, ಆಳ 2. ತಮ್ಮೆಲ್ಲರ ಸಂದೇಶಗಳಿಗೆ ಪುಟದ ತಳದಲ್ಲಿ ಪ್ರತ್ಯೇಕ ಮೆನು. ತಳವೆಂದು ಬೇಸರಿಸಬೇಡಿ. ಅದು ಸೈಟಿನ ಪ್ರತಿ ಪುಟದಲ್ಲೂ ಬರುತ್ತದೆ, ಪರೀಕ್ಷಾ ಅರ್ಜಿಯ ಪುಟದಲ್ಲಿ ಸಹ. ಕಾಲೇಜಿನಲ್ಲಿ ಅತಿ ಹೆಚ್ಚು ಜನ ನೋಡುವ ಪುಟ ಯಾವುದೆಂದು ತಮಗೆ ಬೇರೆ ಹೇಳಬೇಕಿಲ್ಲ.

ಒಪ್ಪಿಗೆಯಾದರೆ ಮುಂದಿನ ನಡಾವಳಿಯಲ್ಲಿ ಒಂದು ಸಾಲು ಸೇರಿಸಿ.

ತಮ್ಮ ವಿಧೇಯ,
ಥೀಮ್ ಬರೆಯುವವನು