ಕತ್ತಿ ಹಿಡಿದ ಶಾಂತಿಪ್ರಿಯರು

ಮಗಳ ಇಂಗ್ಲಿಷ್ ಗೈಡು ಮೇಜಿನ ಮೇಲೆ ಬಿದ್ದಿತ್ತು. ತೆರೆದೆ. ತೆರೆಯಬಾರದಿತ್ತು.

‘ರೋಮಿಯೋ ಅಂಡ್ ಜೂಲಿಯೆಟ್’. ಟಿಬಾಲ್ಟ್ ಮತ್ತು ಬೆನ್ವೋಲಿಯೊ ಪಾತ್ರಗಳನ್ನು ಹೋಲಿಸಿ, ಐದು ಅಂಕ. ಪುಟದ ನಡುವೆ ಒಂದು ಗೀಟು. ಎಡಕ್ಕೆ ಟಿಬಾಲ್ಟ್: ಮುಂಗೋಪಿ, ಜಗಳಗಂಟ. ಬಲಕ್ಕೆ ಬೆನ್ವೋಲಿಯೊ: ಶಾಂತಿಪ್ರಿಯ, ಸಜ್ಜನ. ಮುಗಿಯಿತು. ಆರು ಹೆಣ ಬೀಳುವ ನಾಟಕಕ್ಕೆ ಎರಡು ಕಾಲಮ್ಮಿನ ತೀರ್ಪು.

‘ಇಷ್ಟು ಬರೆದರೆ ಫುಲ್ ಮಾರ್ಕ್ಸ್ ಅಪ್ಪಾ’ ಅಂದಳು ಮಗಳು. ಕೊಡುತ್ತಾರೆ, ಅನುಮಾನವೇ ಇಲ್ಲ.

ನಾಟಕ ಶುರುವಾಗುವುದೇ ವೆರೋನಾದ ಬೀದಿರಂಪದಿಂದ. ಕ್ಯಾಪುಲೆಟ್ ಮನೆಯ ಆಳು ಸ್ಯಾಮ್ಸನ್ ಮಾಂಟೆಗ್ಯೂ ಮನೆಯ ಆಳುಗಳಿಗೆ ಹೆಬ್ಬೆರಳು ಕಚ್ಚಿ ತೋರಿಸುತ್ತಾನೆ. ಅಲ್ಲಿ ಅದು ಹೊಲಸು ಬೈಗುಳಕ್ಕೆ ಸಮ. ಯಾರಿಗೋ ಇದು ಎಂದು ಅವರು ತಿರುಗಿಬಿದ್ದರೆ ಈ ಶೂರ ಮೊದಲು ಮಾಡುವ ಕೆಲಸವೇನು? ಒಪ್ಪಿಕೊಂಡರೆ ಕಾನೂನು ಯಾರ ಪರ ಎಂದು ಪಕ್ಕದವನನ್ನು ವಿಚಾರಿಸುವುದು. ನಮ್ಮ ಪರ ಇಲ್ಲ ಎಂದು ಗೊತ್ತಾದದ್ದೇ ತಡ, ಬೆರಳು ಕಚ್ಚಿದ್ದು ನಿಜ, ನಿಮಗಲ್ಲ ಎಂದು ಜಾರಿಕೊಳ್ಳುತ್ತಾನೆ. ಈ ನಾಟಕ ಮೊದಲು ಅಚ್ಚಾದದ್ದು 1597ರಲ್ಲಿ. ವಕೀಲರನ್ನು ಕೇಳಿಕೊಂಡು ಸಿಟ್ಟಾಗುವ ಕಲೆ ಅಷ್ಟು ಹಳೆಯದು.

ಆಗ ಬರುತ್ತಾನೆ ನಮ್ಮ ಸಜ್ಜನ ಬೆನ್ವೋಲಿಯೊ. ಹೆಸರಿನಲ್ಲೇ ಒಳ್ಳೆಯ ಮನಸ್ಸಿದೆ. ಜಗಳ ಬಿಡಿಸಲು ಕತ್ತಿ ಹಿರಿಯುತ್ತಾನೆ. ಹಿಂದೆಯೇ ಟಿಬಾಲ್ಟ್. ಕೈಯಲ್ಲಿ ಕತ್ತಿ ಹಿಡಿದು ಶಾಂತಿಯ ಮಾತಾಡುತ್ತೀಯಲ್ಲ, ಆ ಪದ ಕೇಳಿದರೇ ನನಗಾಗದು ಎನ್ನುತ್ತಾನೆ. ಒರಟ. ಆದರೆ ಕಣ್ಣಿಗೆ ಕಂಡದ್ದನ್ನೇ ಹೇಳಿದ.

ಟಿಬಾಲ್ಟ್‌ಗೆ ಹಾರ ಹಾಕಲು ನಾನು ಹೊರಟಿಲ್ಲ. ಮುಖವಾಡ ಹಾಕಿಕೊಂಡು ಔತಣಕ್ಕೆ ಬಂದವನ ದನಿ ಕೇಳಿಯೇ ಕತ್ತಿ ತರಿಸುವವನಿಗೆ ಮೂಗಿನ ತುದಿಯಲ್ಲೇ ಕೋಪ. ಆದರೆ ಅವನ ಬಾಯಿ ಒಂದು, ಕೈ ಇನ್ನೊಂದು ಅಲ್ಲ. ವೆರೋನಾದಲ್ಲಿ ಆ ಮಾತನ್ನು ಇನ್ಯಾರ ಬಗ್ಗೆ ಹೇಳುತ್ತೀರಿ?

ಅವನ ಮಾವ ಕ್ಯಾಪುಲೆಟ್ ಯಜಮಾನರನ್ನೇ ನೋಡಿ. ಬೆಳಗ್ಗೆ ಬೀದಿಯಲ್ಲಿ ಗಲಾಟೆ ಕೇಳಿ ಮನೆಯ ನಿಲುವಂಗಿಯಲ್ಲೇ ಓಡಿಬಂದು ಕತ್ತಿ ಕೊಡಿ ಎಂದು ಕೂಗಿದವರು. ನಿಮಗೆ ಬೇಕಾದದ್ದು ಊರುಗೋಲು ಎಂದು ಹೆಂಡತಿಯೇ ಮಾನ ಕಳೆದಳು. ಊರಿನ ದೊರೆ ಎಸ್ಕಲಸ್ ಗದರಿದ ಮೇಲೆ ಇದೇ ಯಜಮಾನರು, ನಮ್ಮಂಥ ವಯಸ್ಸಾದವರಿಗೆ ಜಗಳವಾಡದೆ ಇರುವುದೇನು ಕಷ್ಟವಲ್ಲ ಎಂದು ಮಗಳನ್ನು ಕೇಳಲು ಬಂದ ಪ್ಯಾರಿಸ್ ಎಂಬ ವರನ ಎದುರು ಹಿರಿತನ ಮೆರೆಯುತ್ತಾರೆ. ರಾತ್ರಿ ಔತಣದಲ್ಲಿ ಟಿಬಾಲ್ಟ್‌ನ ಬಾಯಿ ಮುಚ್ಚಿಸುತ್ತಾರೆ. ಆಹಾ, ಎಂಥ ಸಹನೆ! ಅತಿಥಿಗಳ ಮುಂದೆ ಪಾರ್ಟಿ ಕೆಡಬಾರದು, ಅಷ್ಟೇ. ಮೂರನೆಯ ದಿನಕ್ಕೆ ಇದೇ ಬಾಯಿ ಸ್ವಂತ ಮಗಳಿಗೆ, ಹೇಳಿದವನನ್ನು ಮದುವೆಯಾಗು, ಇಲ್ಲವೇ ಬೀದಿಯಲ್ಲಿ ಸಾಯಿ ಎನ್ನುತ್ತದೆ. ಗೈಡಿನಲ್ಲಿ ಇವರು ‘ಮುಂಗೋಪಿ’ ಕಾಲಮ್ಮಿನಲ್ಲಿ ಇಲ್ಲ. ಹಿರಿಯರಲ್ಲವೇ.

ಇನ್ನು ರೋಮಿಯೋ. ಆಗಷ್ಟೇ ಗುಟ್ಟಾಗಿ ಜೂಲಿಯೆಟ್‌ಳ ಕೈಹಿಡಿದು ಬಂದಿದ್ದಾನೆ. ಟಿಬಾಲ್ಟ್ ಈಗ ಅವನಿಗೆ ನೆಂಟ. ನೆಂಟನೆಂದು ಹೇಳುವ ಹಾಗಿಲ್ಲ. ಪ್ರೀತಿ ಉಕ್ಕುತ್ತಿದೆ, ಕಾರಣ ಹೊರಗೆ ಬರುತ್ತಿಲ್ಲ. ಇವನ ಅರ್ಥವಾಗದ ಸೌಜನ್ಯ ಕಂಡು ಗೆಳೆಯ ಮರ್ಕ್ಯೂಷಿಯೊ ರೇಗಿ ತಾನೇ ಕತ್ತಿ ಹಿರಿಯುತ್ತಾನೆ. ರೋಮಿಯೋ ನಡುವೆ ನುಗ್ಗಿ ಕೈ ಚಾಚುತ್ತಾನೆ. ಚಾಚಿದ ಆ ತೋಳಿನ ಅಡಿಯಿಂದಲೇ ಟಿಬಾಲ್ಟ್‌ನ ಕತ್ತಿ ತೂರುತ್ತದೆ. ಸಾಯುವವನು ಎರಡೂ ಮನೆಗಳಿಗೆ ಶಾಪ ಹಾಕುತ್ತಾನೆ, ಜೊತೆಗೆ ನೀನ್ಯಾಕೆ ನಡುವೆ ಬಂದೆ ಎಂದೂ ಕೇಳುತ್ತಾನೆ. ಒಳ್ಳೆಯದಾಗಲೆಂದು ಬಂದೆ ಅನ್ನುವುದಷ್ಟೇ ಉತ್ತರ. ಕೆಲವೇ ನಿಮಿಷಗಳಲ್ಲಿ ಈ ಪ್ರೇಮಮೂರ್ತಿ, ಜೂಲಿಯೆಟ್‌ಳ ಚೆಲುವು ನನ್ನನ್ನು ಹೆಣ್ಣಿಗ ಮಾಡಿತು ಎಂದು ಗೊಣಗಿ ಟಿಬಾಲ್ಟ್‌ನನ್ನು ಮುಗಿಸುತ್ತಾನೆ.

ಸಾಕ್ಷಿ ಯಾರು? ಬೆನ್ವೋಲಿಯೊ. ದೊರೆಯ ಮುಂದೆ ನಿಂತು ಎಲ್ಲವನ್ನೂ ಸಾಂಗವಾಗಿ ಹೇಳುತ್ತಾನೆ. ಮೊದಲು ಕತ್ತಿ ಹಿರಿದದ್ದು ಮರ್ಕ್ಯೂಷಿಯೊ ಎಂಬುದೊಂದನ್ನು ಬಿಟ್ಟು. ಸತ್ತವನು ದೊರೆಯ ಬಂಧು ಎಂಬುದು ಕಾಕತಾಳೀಯ ಇರಬೇಕು. ಇವನು ಮಾಂಟೆಗ್ಯೂ ನೆಂಟ, ಸುಳ್ಳು ಹೇಳುತ್ತಾನೆ ಎಂದು ಕ್ಯಾಪುಲೆಟ್‌ನ ಹೆಂಡತಿ ಕೂಗುತ್ತಾಳೆ. ಕೂಗಿದವಳು ಅದೇ ಉಸಿರಿನಲ್ಲಿ, ಟಿಬಾಲ್ಟ್‌ನನ್ನು ಕೊಲ್ಲಲು ಇಪ್ಪತ್ತು ಮಂದಿ ಬಂದಿದ್ದರು ಎನ್ನುತ್ತಾಳೆ.

ಅಲ್ಲಿಗೆ ಬೆನ್ವೋಲಿಯೊ ನಾಪತ್ತೆ. ಮೂರನೇ ಅಂಕದ ಮೊದಲ ದೃಶ್ಯದ ನಂತರ ರಂಗಕ್ಕೆ ಬರುವುದೇ ಇಲ್ಲ. ಹೇಳಿಕೆ ಕೊಟ್ಟಾಯಿತು, ಮನೆಗೆ ಹೋದ. 1597ರ ಮುದ್ರಣದ ಕೊನೆಯಲ್ಲಿ ಅವನೂ ಸತ್ತನೆಂದು ಒಂದು ಮಾತು ಬರುತ್ತದೆ. ಮುಂದಿನ ಮುದ್ರಣದಲ್ಲಿ ಅದೂ ಇಲ್ಲ. ಶಾಂತಿಪ್ರಿಯ ಸತ್ತನೋ ಬದುಕಿದನೋ ಕೇಳುವವರಿಲ್ಲ.

ಆದರೆ ಚಿನ್ನದ ಪದಕ ಕೊಡಬೇಕಾದದ್ದು ಫ್ರಯರ್ ಲಾರೆನ್ಸ್‌ಗೆ. ಎರಡು ಮನೆಗಳ ಹಗೆ ಮುಗಿಸಲು ಪಾದ್ರಿಯವರು ಗುಟ್ಟಿನ ಮದುವೆ ಮಾಡಿಸುತ್ತಾರೆ. ಎರಡೂ ಕಡೆಯವರಿಗೆ ಗೊತ್ತಿಲ್ಲದ ರಾಜಿ! ಆಮೇಲೆ ಹದಿನಾಲ್ಕು ತುಂಬದ ಹುಡುಗಿಗೆ 42 ಗಂಟೆ ಹೆಣದಂತೆ ಮಲಗಿಸುವ ಔಷಧಿ. ಗಡೀಪಾರಾದ ರೋಮಿಯೋಗೆ ಬರೆದ ಕಾಗದ ಪ್ಲೇಗಿನ ದಿಗ್ಬಂಧನದಲ್ಲಿ ಸಿಕ್ಕಿ ವಾಪಸಾಗುತ್ತದೆ. ಹುಡುಗಿ ಗೋರಿಯೊಳಗೆ ಕಣ್ಣುಬಿಟ್ಟಾಗ ಪಕ್ಕದಲ್ಲಿ ಗಂಡನ ಹೆಣ. ಅಷ್ಟರಲ್ಲಿ ಹೊರಗೆ ಕಾವಲುಗಾರರ ಸದ್ದು. ಬಾ, ನಿನ್ನನ್ನು ಸನ್ಯಾಸಿನಿಯರ ಮಠಕ್ಕೆ ಸೇರಿಸುತ್ತೇನೆ ಎಂದು ಕರೆದು, ಅವಳು ಏಳದಿದ್ದಾಗ, ಇನ್ನು ಇಲ್ಲಿರಲಾರೆ ಎಂದು ಓಟ. ಮಗುವನ್ನೂ ಚಿವುಟಿ ತೊಟ್ಟಿಲನ್ನೂ ತೂಗುವವರನ್ನು ಕಂಡಿದ್ದೇವೆ. ಇವರು ತೊಟ್ಟಿಲನ್ನು ಗೋರಿಗೇ ಹೊತ್ತೊಯ್ದರು.

ದೊರೆಗೆ ಜ್ಞಾನೋದಯವಾಗುವುದು ಆಗ. ಮೂರು ಸಲ ಊರು ಹೊತ್ತಿ ಉರಿದ ಮೇಲೆ, ಇನ್ನೊಮ್ಮೆ ಹೊಡೆದಾಡಿದರೆ ತಲೆದಂಡ ಎಂದಿದ್ದವರು. ಮತ್ತೆ ಹೊಡೆದಾಡಿದಾಗ ಗಡೀಪಾರಿಗೆ ಇಳಿಸಿದರು. ನಾನು ಕಣ್ಣುಮುಚ್ಚಿ ಕುಳಿತದ್ದೇ ತಪ್ಪು ಎಂದು ಕೊನೆಗೆ ಒಪ್ಪಿಕೊಳ್ಳುತ್ತಾರೆ. ಊರು ಕೊಳ್ಳೆ ಹೋಯಿತು, ಕೋಟೆ ಬಾಗಿಲು ಹಾಕಿಸಿ.

ಮತ್ತು ಆ ಮಹಾನ್ ರಾಜಿ! ಮಕ್ಕಳ ಹೆಣ ಇನ್ನೂ ಅಲ್ಲೇ ಇವೆ. ಜಗಳಕ್ಕೆ ಕಾರಣವೇನೆಂದು ಇಡೀ ನಾಟಕದಲ್ಲಿ ಯಾರೂ ಹೇಳಿಲ್ಲ, ಈಗಲೂ ಯಾರೂ ಕೇಳುವುದಿಲ್ಲ. ನಿನ್ನ ಮಗಳಿಗೆ ಅಪ್ಪಟ ಚಿನ್ನದ ಪ್ರತಿಮೆ ಮಾಡಿಸುತ್ತೇನೆ ಎನ್ನುತ್ತಾನೆ ಮಾಂಟೆಗ್ಯೂ. ಹಾಗಾದರೆ ನಿನ್ನ ಮಗನಿಗೂ ಅಷ್ಟೇ ಭಾರಿಯದು ನನ್ನಿಂದ ಎನ್ನುತ್ತಾನೆ ಕ್ಯಾಪುಲೆಟ್. ಕತ್ತಿ ಇಳಿಯಿತು, ತಕ್ಕಡಿ ಏರಿತು.

ಇವತ್ತಿನ ವೆರೋನಾದಲ್ಲಿ ಜೂಲಿಯೆಟ್‌ಳ ಮನೆ ಎಂದು ತೋರಿಸುವ ಕಟ್ಟಡವೊಂದಿದೆ. ಅದರ ಬಾಲ್ಕನಿ ಇಪ್ಪತ್ತನೇ ಶತಮಾನದಲ್ಲಿ ಜೋಡಿಸಿದ್ದು. ಅಂಗಳದಲ್ಲಿ ಅವಳ ಪ್ರತಿಮೆ, ಚಿನ್ನದ್ದಲ್ಲ, ಕಂಚಿನದು. ಬಲಸ್ತನ ಮುಟ್ಟಿದರೆ ಪ್ರೇಮದಲ್ಲಿ ಅದೃಷ್ಟವಂತೆ. ಪ್ರವಾಸಿಗರು ಸರದಿಯಲ್ಲಿ ನಿಂತು ಮುಟ್ಟಿ ಫೋಟೊ ತೆಗೆಸಿಕೊಳ್ಳುತ್ತಾರೆ. ಹದಿನಾಲ್ಕು ತುಂಬದ ಹುಡುಗಿ ಅನ್ನುವುದು ಯಾರಿಗೂ ನೆನಪಿದ್ದಂತಿಲ್ಲ. ಉಜ್ಜಿ ಉಜ್ಜಿ ಕಂಚು ಸವೆದು ಬಿರುಕು ಬಿಟ್ಟು, 2014ರಲ್ಲಿ ಮೂಲ ಪ್ರತಿಮೆಯನ್ನು ಒಳಗಿಟ್ಟು ಹೊರಗೆ ನಕಲು ನಿಲ್ಲಿಸಿದರು.

ಈಗ ಅದನ್ನು ಉಜ್ಜುತ್ತಿದ್ದಾರೆ.